ಒಂದು ಮೊರ ತೌಡು

ಚಾಮರಾಜನಗರದ ಪಶು ಆಸ್ಪತ್ರೆಗೆ ನಮ್ಮ ನಾಯಿಗೆ ಲಸಿಕೆ ಹಾಕಿಸಲು ಹೋದಾಗಲೆಲ್ಲ ನನಗೊಂದು ಸಣ್ಣ ಪರೀಕ್ಷೆ ಕಾದಿರುತ್ತದೆ. ರಿಜಿಸ್ಟರ್ ಬರೆಯುವವರು ತಲೆ ಎತ್ತದೆ, "ನಾಯಿ ಹೆಸರು?" ಎಂದು ಕೇಳುತ್ತಾರೆ. ನನ್ನ ಮುಂದೆ ನಿಂತವರೆಲ್ಲ ರಾಕಿ, ಪಿಂಕಿ, ಜಾಕಿ ಎಂದು ಬರೆಸಿ ಹೋಗಿರುತ್ತಾರೆ. ನಾನು "ತೌಡ" ಅನ್ನುತ್ತೇನೆ. ಪೆನ್ನು ನಿಲ್ಲುತ್ತದೆ.

"ತೌಡಾನಾ? ದನಕ್ಕೆ ಹಾಕೋ ಅಕ್ಕಿ ತೌಡಾ?"

"ಅದೇ."

"ಇದೇನ್ ಮೇಡಂ! ಜನ ಬ್ರೌನಿ, ಕುಕ್ಕಿ ಅಂತ ಇಡ್ತಾರೆ, ನೀವು ಹೋಗಿ ಹೋಗಿ ತೌಡ ಅಂತ ಇಟ್ಟಿದ್ದೀರಲ್ಲ!"

"ಬಣ್ಣ ನೋಡಿ, ಹಾಗೇ ಇದೆಯಲ್ಲ, ಅದಕ್ಕೇ," ಎಂದು ನಾನು ಪ್ರತಿ ವರ್ಷವೂ ಅದೇ ಸುಳ್ಳನ್ನು ಹೇಳಿ ಪಾರಾಗುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಿಜವಾದ ಕಾರಣವನ್ನು ಸಾಲಿನಲ್ಲಿ ನಿಂತು ಹೇಳುವುದು ಹೇಗೆ?

ಹೋದ ವಾರವೂ ಹಾಗೇ ಆಯಿತು. ಹೊರಗೆ ಜಿಟಿಜಿಟಿ ಮಳೆ. ಗೇಟಿನ ಎದುರಿಗೆ ಚೆಂಡುಹೂವಿನ ಮೂಟೆ ಹೇರಿದ ಲಾರಿಯೊಂದು ಟೈರು ಪಂಚರಾಗಿ ನಿಂತಿತ್ತು. ಚೆಂಡುಹೂವಿನದು ಪೂರ್ತಿ ಸುವಾಸನೆಯೇನಲ್ಲ, ಹಸಿ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದಂಥ ಒಂದು ಕಹಿ ಅದರಲ್ಲಿರುತ್ತದೆ. ಒದ್ದೆ ಗಾಳಿಯಲ್ಲಿ ಅದು ಆಸ್ಪತ್ರೆಯ ಜಗುಲಿಯವರೆಗೂ ಬಂತು. ಡಾಕ್ಟರು ಸೂಜಿ ಚುಚ್ಚಿದ್ದು, ನಾಯಿ ಕುಂಯ್ ಅಂದಿದ್ದು ಯಾವುದೂ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ನಾನು ಆಗಲೇ ಗುಂಡ್ಲುಪೇಟೆಯ ಆಚೆ, ಐದು ವರ್ಷ ಹಿಂದಿನ ಆ ಮಳೆಗಾಲದಲ್ಲಿದ್ದೆ.

ಆ ವರ್ಷ ನನ್ನನ್ನು ಹಾಕಿದ್ದು ಕೇರಳದ ಹೆದ್ದಾರಿಯಿಂದ ಎರಡು ಮೈಲಿ ಒಳಗಿರುವ ಒಂದು ಹುಂಡಿಯ, ಎಂದರೆ ಸಣ್ಣ ಹಳ್ಳಿಯ, ಹೈಸ್ಕೂಲಿಗೆ. ನಮ್ಮ ಯಜಮಾನರ ಕೆಲಸ ಚಾಮರಾಜನಗರದಲ್ಲಿ. ದಿನಾ ಓಡಾಡುವುದು ಆಗದ ಮಾತು ಎಂದು ಊರಂಚಿನಲ್ಲಿ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದೆ. ಇವರು ಭಾನುವಾರ ಬಂದು ಸಂಜೆಗೆ ಹೋಗುತ್ತಿದ್ದರು. ಮಿಕ್ಕ ಆರು ದಿನ ನಾನು ಮತ್ತು ಮಳೆ.

ಮನೆಯ ಹಿತ್ತಿಲ ಬಾಗಿಲು ತೆರೆದರೆ ನೇರವಾಗಿ ಚೆಂಡುಹೂವಿನ ಹೊಲ. ಮೊದಲು ಹಸಿರಾಗಿತ್ತು. ಆಷಾಢದ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಯಾರೋ ಬಂದು ಹಳದಿ ಬಳಿದು ಹೋದ ಹಾಗಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದು ಬಂದು ಹೊಲದ ಮೇಲೆ ಕೂರುತ್ತಿತ್ತು. ಹೂವು ಕೀಳುವ ಹೆಂಗಸರು ಗೋಣಿಚೀಲದ ಕೊಪ್ಪೆ ಹೊದ್ದು ಅದರೊಳಗೆ ಸಾಲಾಗಿ ಹೋಗುತ್ತಿದ್ದರು. ಸ್ವಲ್ಪ ದೂರ ಹೋದರೆ ತಲೆಗಳಷ್ಟೇ ಕಾಣುತ್ತಿದ್ದವು, ಇನ್ನೂ ದೂರ ಹೋದರೆ ಮಾತಷ್ಟೇ ಕೇಳುತ್ತಿತ್ತು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಡುತ್ತಿದ್ದೆ. ಸ್ಕೂಲಿನ ಮೊದಲ ಬೆಲ್ಲು ಎಷ್ಟೋ ಸಲ ನನಗೆ ಆ ಮಂಜಿನೊಳಗೇ ಕೇಳಿಸಿದೆ. ಕೇಳಿಸಿದರೂ ಕಾಲು ಏಳುತ್ತಿರಲಿಲ್ಲ.

ಆ ಹೊಲ ಚಿಕ್ಕತಾಯಮ್ಮನದು. ಅವಳದು ನನ್ನದೇ ವಯಸ್ಸು, ಇರಬಹುದು ಮೂವತ್ತೈದು. ಗಂಡ ಹೆಂಡತಿ ಇಬ್ಬರೇ. ಎಸ್ಸೆಲ್ಸಿ ಓದಿದವಳು, ಅದನ್ನು ಹೇಳಿಕೊಳ್ಳುವುದೂ ಅವಳಿಗೆ ಇಷ್ಟ. ಹೊಲ ಕಾಯಲು ಅವಳದೊಂದು ಹೆಣ್ಣುನಾಯಿ ಇತ್ತು. ಅದು ಎರಡು ಸೂಲು ಹಾಕಿ ಎರಡರ ಮರಿಗಳೂ ಸತ್ತಿದ್ದವು. ಮೂರನೆಯ ಸಲ ಹಾಕಿದ ಐದರಲ್ಲಿ ನಾಲ್ಕು ಹೋಗಿ ಒಂದು ಉಳಿಯಿತು. ಆ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಒಂದು ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು.

"ಮೇಡಮ್ಮೋರೆ, ಇದ್ನ ನೀವು ಮಡೀಕಳಿ."

"ನನಗ್ಯಾಕಮ್ಮ ನಾಯಿ?"

"ಒಬ್ರೇ ಇರ್ತೀರಿ, ಜೊತ್ಗ ಇರ್ತದ. ಸುಮ್ಕ ಬ್ಯಾಡ. ಒಂದು ಮೊರ ತೌಡು ಕೊಡಿ ನಂಗ, ತಕ್ಕಳಿ."

ನನಗೆ ನಗು ಬಂತು. ಗ್ಯಾಸ್ ಒಲೆ, ಕುಕ್ಕರು, ಒಂದು ಮಂಚ ಇರುವ ಮನೆಯಲ್ಲಿ ತೌಡು ಎಲ್ಲಿಂದ ಬರಬೇಕು? ತೌಡಿನಲ್ಲಿ ಬಿ ಜೀವಸತ್ವ ಇದೆ ಎಂದು ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದೆನಲ್ಲ, ತೌಡಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಪಾಪ, ಹಸುವಿಗೆ ಬೇಕೇನೋ, ಬಾಯಿಬಿಟ್ಟು ಕೇಳಲು ಸಂಕೋಚ ಅಂದುಕೊಂಡೆ. ಒಳಗೆ ಹೋಗಿ ಒಂದು ಪಾತ್ರೆ ತುಂಬ ಒಳ್ಳೆಯ ಅಕ್ಕಿ ತಂದು, ಮೇಲೆ ಎರಡು ರಸ್ಕಿನ ಪ್ಯಾಕೆಟ್ಟು ಇಟ್ಟೆ.

"ತೌಡು ಯಾಕಮ್ಮ, ಅಕ್ಕೀನೇ ತಗೋ!"

ದಾನ ಮಾಡುವವರ ಮುಖದಲ್ಲಿ ಇರುತ್ತದಲ್ಲ ಒಂದು ಬೆಳಕು, ಅದು ನನ್ನ ಮುಖದಲ್ಲೂ ಇದ್ದಿರಬೇಕು. ಅವಳು ಅಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ತೌಡು ಇಲ್ವಾ?"

"ಇಲ್ಲಮ್ಮ."

 ಅಕ್ಕಿ ಸುರಿದುಕೊಂಡು, ಮರಿಯನ್ನು ಹೊಸಿಲ ಒಳಗೆ ಬಿಟ್ಟು ಹೊರಟಳು. ಗೇಟಿನ ಹತ್ತಿರ ನಿಂತು, ತಿರುಗದೆ, "ಎಸ್ರು ತೌಡ ಅಂತ ಕನಿ," ಎಂದಳು.

ಆ ಭಾನುವಾರ ನಮ್ಮ ಯಜಮಾನರು ಬಂದು ಮರಿಯನ್ನು ಎತ್ತಿಕೊಂಡು ಕೇಳಿದ ಮೊದಲ ಮಾತೇ ಹೆಸರಿನದು. ಹೇಳಿದೆ. "ತೌಡ ಅಂತ ಬೀದಿಯಲ್ಲಿ ಕರೆದರೆ ನಾಯಿಗೇ ಅವಮಾನ ಆಗುತ್ತೆ ಕಣೇ," ಎಂದು ಅಲ್ಲೇ ಬ್ರೂನೋ ಎಂದು ಇಟ್ಟುಬಿಟ್ಟರು. ನನಗೂ ಅದೇ ಚೆಂದ ಅನ್ನಿಸಿತು.

ಮುಂದಿನ ಮೂರು ವಾರ ನನ್ನ ಜೀವನದಲ್ಲಿ ಇನ್ನೊಮ್ಮೆ ಬರುವಂಥವಲ್ಲ. ಮಳೆ ನಿಲ್ಲುತ್ತಲೂ ಇರಲಿಲ್ಲ, ಜೋರಾಗುತ್ತಲೂ ಇರಲಿಲ್ಲ. ಸೋನೆ ಹಿಡಿದರೆ ದಿನಗಳು ಒಂದಕ್ಕೊಂದು ಅಂಟಿಕೊಂಡು, ಮಂಗಳವಾರವೋ ಗುರುವಾರವೋ ತಿಳಿಯುತ್ತಿರಲಿಲ್ಲ. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮರಿ ಚೆಂಡುಹೂವಿನ ಸಾಲಿನಲ್ಲಿ ನುಗ್ಗಿ ಎಲ್ಲೋ ಮಾಯವಾಗಿರುತ್ತಿತ್ತು. ಕರೆದರೆ ಗಿಡಗಳು ಒಂದೊಂದಾಗಿ ಅಲ್ಲಾಡುತ್ತ ಬರುತ್ತಿದ್ದವು, ಕೊನೆಗೆ ಮೂತಿಯೆಲ್ಲ ಅರಿಶಿನವಾದ ಒಂದು ತಲೆ ಈಚೆ ಬರುತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಕೇರಳದ ಕಾರುಗಳು ಹೂವು ಕಂಡು ನಮ್ಮ ರಸ್ತೆಗೂ ತಿರುಗುತ್ತಿದ್ದವು. ಸೀರೆ ಉಟ್ಟ ಹುಡುಗಿಯರು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಬ್ರೂನೋ ಅವರ ಕಾಲಡಿ ಬಂದು ಕೂರುತ್ತಿದ್ದ. ಓಣಂ ಶುಭಾಶಯದ ಎಷ್ಟು ಫೋಟೋಗಳಲ್ಲಿ ಅವನು ಇದ್ದಾನೋ, ದೇವರಿಗೇ ಗೊತ್ತು.

ಒಂದೇ ಒಂದು ವಿಷಯ ನನಗೆ ಹಿಡಿಸುತ್ತಿರಲಿಲ್ಲ. ಹೊಲದಲ್ಲಿ ಚಿಕ್ಕತಾಯಮ್ಮನ ದನಿ ಕೇಳಿದರೆ ಸಾಕು, ಮರಿ ಬಾಲ ತಿರುಗಿಸುತ್ತ ಅವಳ ಹತ್ತಿರ ಓಡುತ್ತಿತ್ತು. ಅವಳು ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಹಿಮ್ಮಡಿ ನೆಕ್ಕಿದರೆ ಕಾಲಿನಿಂದಲೇ ಆಚೆ ತಳ್ಳಿ, "ಓಗು, ನಿನ್ ಮನಗ ಓಗು," ಅನ್ನುತ್ತಿದ್ದಳು. ಎದೆಯಲ್ಲಿ ಕರುಣೆ ಇಲ್ಲದವಳು ಎಂದುಕೊಂಡೆ. ಒಂದು ದಿನ ನಾನು ಬ್ರೂನೋ ಎಂದು ಕೂಗಿದ್ದು ಅವಳ ಕಿವಿಗೆ ಬಿತ್ತು. ಹೂವು ಕೀಳುತ್ತಿದ್ದ ಕೈ ನಿಂತಿತು.

"ತೌಡ ಅಂತ ಅಲ್ವಾ ಮೇಡಮ್ಮೋರೆ?"

"ಅದೂ ಒಂದು ಹೆಸರೇನಮ್ಮ!" ಅಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಶ್ರಾವಣ ಹುಟ್ಟಿದ ವಾರದಲ್ಲಿ ಮರಿ ಊಟ ಬಿಟ್ಟಿತು. ಸಂಜೆಗೆ ವಾಂತಿ, ಮಾರನೆಯ ಬೆಳಿಗ್ಗೆ ರಕ್ತಭೇದಿ. ಗುಂಡ್ಲುಪೇಟೆಯ ಪಶುವೈದ್ಯರಿಗೆ ಫೋನು ಮಾಡಿ ಅತ್ತೇಬಿಟ್ಟೆ. ಪುಣ್ಯಾತ್ಮರು, ರೈನ್‌ಕೋಟು ಹಾಕಿಕೊಂಡು ಬೈಕಿನಲ್ಲಿ ಬಂದರು. ಮರಿಯ ಕಾಲಿಗೆ ಸೂಜಿ ಹಾಕಿ, ಕಿಟಕಿಯ ಸರಳಿಗೆ ಡ್ರಿಪ್ಪಿನ ಬಾಟಲಿ ಕಟ್ಟಿದರು.

"ಪಾರ್ವೋ. ವೈರಸ್ಸು. ಇನ್ನೆರಡು ದಿನ ದಾಟಿದರೆ ಉಳೀತದೆ ಮೇಡಂ. ಭರವಸೆ ಅಂತ ನಾನೇನೂ ಕೊಡಲ್ಲ," ಎಂದರು.

ಸ್ಕೂಲಿಗೆ ರಜೆ ಹಾಕಿ ಚಾಪೆಯ ಮೇಲೆ ಅದರ ಪಕ್ಕ ಕುಳಿತೆ. ಹನಿ ಹನಿಯಾಗಿ ಇಳಿಯುವ ನೀರನ್ನು ನೋಡುತ್ತ, ಹೆಂಚಿನ ಮೇಲೆ ಬೀಳುವ ಮಳೆ ಕೇಳುತ್ತ, ಆ ಎರಡರ ಲೆಕ್ಕ ತಪ್ಪಿಹೋಗುತ್ತಿತ್ತು. ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ನೆರಳಾಡಿತು. ಚಿಕ್ಕತಾಯಮ್ಮ. ಕೊಪ್ಪೆಯಿಂದ ನೀರು ಸುರಿಯುತ್ತಿತ್ತು, ಕೈಗಳೆರಡೂ ಹಳದಿ. ಒಳಗೆ ಬಾ ಎಂದರೂ ಹೊಸಿಲು ದಾಟಲಿಲ್ಲ.

"ಯಾನಾಗದ ಮೇಡಮ್ಮೋರೆ?"

ಹೇಳಿದೆ.

"ನಾಕೂ ಇಂಗೇ ಓದೊ," ಎಂದಳು. ಆಮೇಲೆ, ತುಂಬ ಮೆಲ್ಲಗೆ, "ನೀವು ತೌಡು ಕೊಡ್ನಿಲ್ಲ," ಎಂದಳು.

ನನಗೆ ರೇಗಿಹೋಯಿತು. "ಮರಿ ಸಾಯ್ತಾ ಬಿದ್ದಿದೆ ಚಿಕ್ಕತಾಯಮ್ಮ, ಈಗ ತೌಡಿನ ಮಾತಾ? ನಾಳೆ ಒಂದು ಮೂಟೆ ತರಿಸಿಕೊಡ್ತೀನಿ, ಆಯ್ತಾ?"

ಅವಳಿಗೆ ಕೋಪ ಬರಲಿಲ್ಲ. ಮೆಟ್ಟಿಲ ಮೇಲೆ, ಮಳೆ ಎರಚುವಲ್ಲೇ, ಕುಳಿತಳು.

"ಅವತ್ತೇ ಯೋಳ್ಬೇಕಾಗಿತ್ತು. ನಾಚ್ಕ ಆಯ್ತು. ನೀವು ಸೈನ್ಸು ಯೋಳ್ಕೊಡೋರು, ಅದೂ ಒಂದು ನಾಯ್ಮರಿಗ ಇಂಗ್ ಮಾಡ್ತಾಳಲ್ಲ ಅಂತ ನಗಾಡ್ತೀರಿ ಅಂದ್ಕಂಡೆ."

ಆಮೇಲೆ ಅವಳು ಹೇಳಿದ್ದು ಇದು. ಹುಟ್ಟಿದ ಕೂಸುಗಳು ನಿಲ್ಲದ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದರೆ, ತಾಯಿ ಅದನ್ನು ಹೊಸಿಲ ಮೇಲಿಂದ ಬೇರೆ ಮನೆಯ ಹೆಂಗಸಿನ ಕೈಗೆ ಕೊಟ್ಟುಬಿಡುತ್ತಾಳೆ. ಬದಲಿಗೆ ಅವಳಿಂದ ಒಂದು ಮೊರ ತೌಡು ಇಸಿದುಕೊಳ್ಳುತ್ತಾಳೆ. ಆ ತೌಡನ್ನು ಕೂಸು ಕೊಂಡವಳೇ ತಂದು ಕೊಡಬೇಕು. ಅಲ್ಲಿಗೆ ಕೂಸು ಹೆತ್ತವಳದಲ್ಲ, ತೌಡು ಕೊಟ್ಟವಳದು. ಹೆತ್ತವಳು ಅದನ್ನು ವಾಪಸು ಇಸಿದುಕೊಂಡು ಸಾಕಿಕೊಡುತ್ತಾಳೆ ಅಷ್ಟೇ. ಕೂಸನ್ನು ಹುಡುಕಿಕೊಂಡು ಬರುವ ಸಾವು ಹೆತ್ತವಳ ಮನೆಗೆ ಬಂದು ನೋಡುತ್ತದೆ, ಇಲ್ಲಿ ಅವಳ ಕೂಸೇ ಇಲ್ಲ. ಇರುವುದು ಯಾರದೋ ಕೂಸು, ಅದೂ ತೌಡಿನಷ್ಟೇ ಬೆಲೆಯದು. ಇಂಥದ್ದನ್ನು ಯಾರು ಹೊತ್ತೊಯ್ಯುತ್ತಾರೆ ಎಂದು ಬಿಟ್ಟು ಹೋಗುತ್ತದೆ. ಅದಕ್ಕೇ ಅಂಥ ಮಕ್ಕಳಿಗೆ ತೌಡ, ತೌಡಮ್ಮ ಎಂದು ಹೆಸರು.

"ನಮ್ಮ ಸ್ವಾದರ್ಮಾವ ಒಬ್ಬ ಅವ್ನ, ತೌಡಯ್ಯ ಅಂತ. ಅವ್ನಿಗಿಂತ ಮುಂಚ ಮೂರು ಓಗಿದ್ವಂತ. ಈಗ್ಲೂ ಗಟ್ಟಿಯಾಗವ್ನ."

ಕೊಪ್ಪೆಯ ಅಂಚಿನ ನೀರು ಹಿಂಡಿದಳು.

"ನಂಗೂ ಎರಡು ಕೂಸು ನಿಲ್ನಿಲ್ಲ ಮೇಡಮ್ಮೋರೆ. ಮೂರ್ನೇದ್ಕ ನಮ್ಮತ್ತ ಮೊರ ತಕ್ಕಂಡು ಬಂದು ಕೂತ್ರು. ನಾ ಎಸ್ಸೆಲ್ಸಿ ಓದಿದ್ನಲ್ಲ, ನಕ್ಬುಟ್ಟೆ. ನನ್ ಮಗೀನ ತೌಡ್ಗ ಕೊಟ್ಟಾರ ಅಂದೆ. ಒಳ್ಳೆ ಎಸ್ರು ಉಡ್ಕಿ ಮಡಗ್ದೆ. ನಿಮ್ಮಂಗೇ."

"ಏನಾಯ್ತು?"

"ಅನ್ನೊಂದು ದಿನ ಇತ್ತು."

ಆ ಹೆಸರೇನು ಎಂದು ನಾನು ಕೇಳಲಿಲ್ಲ.  ಒಳಗೆ ಮರಿ ಅವಳ ದನಿ ಕೇಳಿ ತಲೆ ಎತ್ತಲು ನೋಡಿ, ಆಗದೆ, ಬಾಲವನ್ನು ಒಂದೇ ಒಂದು ಸಲ ಚಾಪೆಗೆ ಬಡಿಯಿತು. ಅವಳು ಮುಖವನ್ನು ಆಚೆ ತಿರುಗಿಸಿದಳು.

ಪಾರ್ವೋ ಎಂದರೇನು ಎಂದು ನನಗೆ ಗೊತ್ತು. ವೈರಸ್ಸಿಗೆ ತೌಡೂ ತಿಳಿಯದು, ಮೊರವೂ ತಿಳಿಯದು. ಮಕ್ಕಳಿಗೆ ಪಾಠ ಹೇಳುವಾಗ ಇಂಥ ನಂಬಿಕೆಗಳ ಮೇಲೆ ನಾನು ಆಡಿದ ಹಾಸ್ಯಕ್ಕೆ ಇಡೀ ಕ್ಲಾಸು ನಕ್ಕಿದ್ದುಂಟು. ಅವತ್ತು ಆ ಹೆಂಗಸಿನ ಬೆನ್ನನ್ನು ನೋಡುತ್ತಿದ್ದರೆ ನನಗೆ ಅವು ಯಾವುದೂ ಬೇಕಾಗಲಿಲ್ಲ. ಮರಿ ಸತ್ತರೆ, ಅದು ತನ್ನದಾಗಿದ್ದಕ್ಕೇ ಸತ್ತಿತು ಎಂದು ಇವಳು ಉಳಿದ ಕಾಲವೆಲ್ಲ ನಂಬಿಕೊಂಡು ಬದುಕುತ್ತಾಳಲ್ಲ, ಅದನ್ನು ತಾಳಿಕೊಳ್ಳಲು ನನಗಾಗಲಿಲ್ಲ. ಬಾಟಲಿಯ ಮೇಲೆ ಕಣ್ಣಿಟ್ಟಿರು ಎಂದು ಹೇಳಿ, ಕೊಡೆ ಹಿಡಿದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ತೌಡು ಸಿಗುವುದು ಅಷ್ಟು ಸುಲಭವಲ್ಲ ಎಂದು ಗೊತ್ತಾಗಿದ್ದು ಅವತ್ತೇ. ಮೊದಲ ಅಂಗಡಿಯಲ್ಲಿ ಬೂಸ ಇತ್ತು, ಎರಡನೆಯದರಲ್ಲಿ ಹಿಂಡಿ ಇತ್ತು. ಮೂರನೆಯವನು, "ಅಕ್ಕಿ ತೌಡು ಈಗ ಎಲ್ಲಿ ಮೇಡಂ, ಎಲ್ಲಾ ಎಣ್ಣೆ ತೆಗೆಯೋಕೆ ಹೋಗ್ತದೆ," ಎಂದು ಪ್ಯಾಕೆಟ್ಟಿನ ಪಶು ಆಹಾರ ತೋರಿಸಿದ. ಈರುಳ್ಳಿ ಲಾರಿಗಳ ನಡುವೆ ಕೆಸರು ತುಳಿದುಕೊಂಡು, ಕೇಳಿ ಕೇಳಿ ಕೊನೆಗೆ ಒಂದು ಗಲ್ಲಿಯೊಳಗೆ ಹಳೆಯ ಅಕ್ಕಿ ಗಿರಣಿ ಸಿಕ್ಕಿತು. ಗಿರಣಿಯವರು ತಲೆಯಿಂದ ಹುಬ್ಬಿನವರೆಗೆ ಬೆಳ್ಳಗಾಗಿದ್ದರು. ಯಂತ್ರದ ಸದ್ದಿಗೆ ಕೂಗಿ ಮಾತಾಡಬೇಕು.

"ಎಷ್ಟ್ ದನ ಅವ?"

"ದನ ಇಲ್ಲ. ಒಂದು ಮೊರದಷ್ಟು ಸಾಕು!"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಎದ್ದು ಹೋಗಿ ಯಂತ್ರ ನಿಲ್ಲಿಸಿದರು. ಇದ್ದಕ್ಕಿದ್ದಂತೆ ಆ ಗಲ್ಲಿಯ ಮಳೆಯೆಲ್ಲ ಕೇಳತೊಡಗಿತು.

"ಕೂಸ್ಗಾ?" ಎಂದರು.

"ಹ್ಞೂಂ," ಅಂದೆ. ಅದು ಸುಳ್ಳು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಅವರು ತೊಟ್ಟಿಯ ನೀರಿನಲ್ಲಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಹೊಸ ಚೀಲವೊಂದರಲ್ಲಿ ಬಿಸಿಯಾಗಿದ್ದ ತೌಡು ತುಂಬಿ ಎರಡೂ ಕೈಯಲ್ಲಿ ಕೊಟ್ಟರು. ನಾನು ಪರ್ಸಿಗೆ ಕೈ ಹಾಕಿದ್ದನ್ನು ಕಂಡು ತಲೆ ಅಲ್ಲಾಡಿಸಿದರು. "ಬದುಕ್ಲಿ. ಓಗಿ, ಬ್ಯಾಗ ಓಗಿ." ಬಸ್ಸಿನಲ್ಲಿ ಆ ಬೆಚ್ಚಗಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಊರು ಬರುವವರೆಗೂ ಅಳುತ್ತಿದ್ದೆ.

ಚಿಕ್ಕತಾಯಮ್ಮ ಹೊಸಿಲಾಚೆಯೇ ಕುಳಿತು ಬಾಟಲಿ ನೋಡುತ್ತಿದ್ದಳು. ಅವಳ ಮೊರ ತರಿಸಿದೆವು. ಸೂಜಿ ಕದಲದಂತೆ ಮರಿಯನ್ನು ಟವಲ್ಲಿನಲ್ಲಿ ಎತ್ತಿ, ಬಾಟಲಿಯನ್ನು ಒಂದು ಕೈಯಲ್ಲಿ ಮೇಲೆ ಹಿಡಿದು, ಹೊಸಿಲಿನ ಆಚೆಗೆ ಅವಳ ತೋಳಿಗೆ ಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿಕೊಂಡದ್ದು ಒಂದೇ ನಿಮಿಷ. ಆಮೇಲೆ ನನ್ನ ಕೈಗೆ ವಾಪಸು ಇಟ್ಟಳು. ನಾನು ತೌಡು ಸುರಿದೆ.

"ಇದು ನಂದಲ್ಲ," ಎಂದಳು. "ಇವತ್ತಿಂದ ನಂದಲ್ಲ." ಮೂರು ಸಲ ಹೇಳಬೇಕಂತೆ. ಮೂರನೆಯ ಸಲ ದನಿ ಹೊರಡಲಿಲ್ಲ, ತುಟಿಯಷ್ಟೇ ಅಲ್ಲಾಡಿತು. ಮೊರ ಎತ್ತಿಕೊಂಡು, ತಿರುಗಿ ನೋಡದೆ, ಹಳದಿ ಸಾಲಿನ ನಡುವೆ ಮಳೆಯೊಳಗೆ ಹೋದಳು.

ನಾಲ್ಕನೆಯ ದಿನ ಮರಿ ಗಂಜಿ ನೆಕ್ಕಿತು. ವಿಜ್ಞಾನದ ಮೇಡಮ್ಮಾಗಿ ಕೇಳಿದರೆ ಡ್ರಿಪ್ಪಿನಿಂದ ಉಳಿಯಿತು ಎನ್ನುತ್ತೇನೆ, ಆ ಡಾಕ್ಟರನ್ನು ದಿನಾ ನೆನೆಯುತ್ತೇನೆ. ಆದರೆ ಬ್ರೂನೋ ಎಂಬ ಹೆಸರು ಅವತ್ತಿಗೇ ಮುಗಿಯಿತು. ಭಾನುವಾರ ಬಂದ ಇವರು ಎಲ್ಲ ಕೇಳಿ, ಏನೂ ತಮಾಷೆ ಮಾಡದೆ, "ಬಾರೋ ತೌಡ," ಎಂದು ಅವನನ್ನು ಕರೆದರು.

ಆಮೇಲಿನ ತಿಂಗಳುಗಳಲ್ಲಿ ನನಗೆ ಚಿಕ್ಕತಾಯಮ್ಮ ಬೇರೆಯೇ ಆಗಿ ಕಂಡಳು. ತೌಡ ಚೇತರಿಸಿಕೊಂಡು ಅವಳ ಹಿಂದೆ ಓಡಿದಾಗ ಅವಳು ಮಣ್ಣಿನ ಹೆಂಟೆ ಎತ್ತಿ ಅವನ ಪಕ್ಕಕ್ಕೆ ಎಸೆಯುತ್ತಿದ್ದಳು, ಅದು ತಾಗದಂತೆ ಎಸೆಯುವುದು ನನಗೆ ಈಗ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅವನು ಹಿತ್ತಿಲಲ್ಲಿ ಮಲಗಿ ನಿದ್ದೆ ಹೋಗಿದ್ದಾಗ ಬೇಲಿಯಾಚೆ ನಿಂತು ಅವನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದಳು.

"ಯಾರೂ ಇಲ್ಲ, ಒಂದ್ಸಲ ಮುಟ್ಟು ಬಾ," ಎಂದೆ.

"ಬ್ಯಾಡಿ ಮೇಡಮ್ಮೋರೆ. ಮುಟ್ಟುದ್ರ ನಂದಾಗ್ಬುಡ್ತದ."

ಹೂವು ಮುಗಿಯಿತು. ಹೊಲ ಉತ್ತರು, ಹಳದಿ ಹೋಗಿ ಕೆಂಪು ಮಣ್ಣು ಬಂತು. ಮಂಜು ಬರುವುದನ್ನು ಬಿಟ್ಟಿತು, ಚಿಕ್ಕತಾಯಮ್ಮ ಹೊಲಕ್ಕೆ ಬರುವುದೂ ಅಪರೂಪವಾಯಿತು. ದೀಪಾವಳಿ ಕಳೆದ ಮೇಲೆ ನನಗೆ ಚಾಮರಾಜನಗರಕ್ಕೇ ವರ್ಗವಾಯಿತು. ಸಾಮಾನು ಹೇರಿದ ಗಾಡಿಯ ಮುಂದಿನ ಸೀಟಿನಲ್ಲಿ ತೌಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಅವಳಿಗಾಗಿ ನೋಡುತ್ತಿದ್ದೆ. ಬರಲಾರಳು ಅಂದುಕೊಂಡಿದ್ದೆ. ಗಾಡಿ ಹೊರಡುವಾಗ ಹೊಲದ ಬದುವಿನಿಂದ ಇಳಿದು ನನ್ನ ಕಿಟಕಿಯ ಹತ್ತಿರಕ್ಕೇ ಬಂದಳು.

ತೌಡ ಕಿವಿ ನಿಮಿರಿಸಿದ. ಅವಳನ್ನು ನೋಡಿದ. ದಾರಿಹೋಕರ ಮೇಲೆ, ಹೂವಿನ ಲಾರಿಯವರ ಮೇಲೆ ಬೊಗಳುವ ಹಾಗೆಯೇ, ಹಲ್ಲು ತೋರಿಸಿ ಅವಳ ಮೇಲೆ ಬೊಗಳತೊಡಗಿದ.  ಅವನ ಮೂತಿ ಹಿಡಿದು ಸುಮ್ಮನಾಗಿಸಲು ಹೋದೆ.

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದ ತುಂಬ ನಗು.

"ನೋಡಿ ಮೇಡಮ್ಮೋರೆ, ಯಾರೋ ಏನೋ ಅಂತ ಬೊಗುಳ್ತಾವ್ನ. ಗುರ್ತೇ ಇಲ್ಲ ನಂದು! ಬುಡಿ, ಮೂತಿ ಬುಡಿ. ಬೊಗುಳ್ಲಿ. ಇನ್ನೊಸಿ ಬೊಗುಳ್ಲಿ."